ಕಿತ್ತ ಊರಿನಲ್ಲಿ ಹೂಡಿದ್ದು

ಬೆಂಗಳೂರಿನಲ್ಲಿರುವ ನನ್ನ ಕಾಲೇಜಿನ ಗೆಳೆಯನೊಬ್ಬ ವರ್ಷಕ್ಕೆ ಎರಡು ಬಾರಿಯಾದರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾನೆ: "ಮಾರಾಯ, ನೀನಿರುವ ಕಡೆ ಎಕರೆಗೆ ಎಷ್ಟಿದೆ? ಎರಡೆಕರೆ ಹಿಡಿದಿಟ್ಟರೆ ಹೇಗೆ?" ಅವನು ಬಾಲಿಗೆ ಹೋಗಿ ಬಂದವನು. ಇಂಡೋನೇಷ್ಯಾ ಎಂದರೆ ಮೆಟ್ಟಿಲು ಗದ್ದೆ, ಅದರ ಎದುರಿಗೊಂದು ಬಿದಿರಿನ ಮನೆ, ಮನೆಯ ಬಾಡಿಗೆ ಡಾಲರಿನಲ್ಲಿ ಎಂಬ ಚಿತ್ರ ಅವನ ತಲೆಯಲ್ಲಿ ಕುಳಿತಿದೆ. ನಾನಿರುವುದು ಬಾಲಿಯಲ್ಲಲ್ಲ, ಪಶ್ಚಿಮ ಸುಮಾತ್ರಾದ ಧರ್ಮಾಶ್ರಯ ಜಿಲ್ಲೆಯ ಸಿತಿಯುಂಗ್ ಎಂಬಲ್ಲಿ. ಇಲ್ಲಿ ನೋಡಲು ಬರುವವರು ಯಾರೂ ಇಲ್ಲ, ಎಣ್ಣೆತಾಳೆ ಮತ್ತು ರಬ್ಬರಿನ ನಡುವೆ ನೇರವಾಗಿ ಗೆರೆ ಎಳೆದಂತೆ ಹಾಕಿದ ರಸ್ತೆಗಳು, ರಸ್ತೆಯ ಎರಡೂ ಬದಿಗೆ ಸಮಾನ ಅಂತರದಲ್ಲಿ ಮನೆಗಳು ಇವೆ ಎಂದು ಹೇಳಿದರೆ ಅವನಿಗೆ ಇನ್ನಷ್ಟು ಹುರುಪು. ಯಾರೂ ಬರದ ಕಡೆ ಬೆಲೆ ಕಡಿಮೆ ಇರುತ್ತದೆ, ಹೂಡಿಕೆಗೆ ಅದೇ ಸಮಯ ಎಂಬುದು ಅವನ ಲೆಕ್ಕ. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೂ ಫೋನ್ ಇಟ್ಟ ಮೇಲೆ ಪ್ರತಿ ಸಲವೂ ನನಗೆ ಯಾವುದೋ ಕಸಿವಿಸಿ ಉಳಿದುಬಿಡುತ್ತದೆ, ಅದು ಏನೆಂದು ಬರೆದು ನೋಡೋಣವೆನಿಸಿತು.

ಕಸಿವಿಸಿಯ ಒಂದು ತುದಿ 'ಹೂಡಿಕೆ' ಎಂಬ ಮಾತಿನಲ್ಲಿಯೇ ಇದೆ. ನಮ್ಮ ಅಜ್ಜನ ಬಾಯಲ್ಲಿ 'ಹೂಡುವುದು' ಎಂದರೆ ನೇಗಿಲು ಹೂಡುವುದು, ಗಾಡಿ ಹೂಡುವುದು, ಒಲೆ ಹೂಡುವುದು. ಮದುವೆಯಾದ ಮಗ ಬೇರೆ ಮನೆ ಮಾಡಿದರೆ ಸಂಸಾರ ಹೂಡಿದ ಎನ್ನುತ್ತಿದ್ದರು. ಅಜ್ಜ ತನ್ನ ಆಯುಷ್ಯದಲ್ಲಿ ಎರಡು ಸಲ ಸಂಸಾರ ಹೂಡಿದವರು. ಮೊದಲನೆಯದು ಶರಾವತಿಯ ದಂಡೆಯ ಊರಿನಲ್ಲಿ, ಎರಡನೆಯದು 1964ರಲ್ಲಿ ಲಿಂಗನಮಕ್ಕಿಯ ನೀರು ಆ ಊರನ್ನು ತೆಗೆದುಕೊಂಡ ಮೇಲೆ, ಲಾರಿಯಿಂದ ಇಳಿದ ಕಾಡಿನ ಅಂಚಿನಲ್ಲಿ. ನಮ್ಮ ಕಡೆ ಇಂಥವರಿಗೆ 'ಮುಳುಗಡೆಯವರು' ಎಂದೇ ಹೆಸರು. ನಾನು ಹುಟ್ಟುವ ಹೊತ್ತಿಗೆ ನೀರು ನಿಂತು ಬಹಳ ವರ್ಷಗಳಾಗಿದ್ದವು, ಆದರೆ ಶಾಲೆಯಲ್ಲಿ ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು. ಹೀಗಾಗಿ 2019ರಲ್ಲಿ ಇಲ್ಲಿನ ತಾಳೆಎಣ್ಣೆ ಗಿರಣಿಯೊಂದಕ್ಕೆ ಇಂಜಿನಿಯರಾಗಿ ಬಂದು, ಕ್ವಾರ್ಟರ್ಸಿನ ಒಂಟಿತನ ಬೇಸರವಾಗಿ ಸಿತಿಯುಂಗಿನಲ್ಲಿ ಮನೆ ಬಾಡಿಗೆಗೆ ಹಿಡಿದಾಗ, ಮಾಲೀಕರು ಮೊದಲ ದಿನವೇ "ನಾವು ಇಲ್ಲಿಯವರಲ್ಲ, ನಮ್ಮ ಊರು ಅಣೆಕಟ್ಟಿನ ಕೆಳಗಿದೆ" ಎಂದಾಗ ನಾನು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟೆ.

ವನಗಿರಿಯಿಂದ ಧರ್ಮಾಶ್ರಯಕ್ಕೆ

ಮಧ್ಯ ಜಾವಾದಲ್ಲಿ ವೊನೊಗಿರಿ ಎಂಬ ಜಿಲ್ಲೆಯಿದೆ. ಜಾವಾದವರ ನಾಲಿಗೆಯಲ್ಲಿ ನಮ್ಮ 'ವನ' 'ವೊನೊ' ಆಗಿದೆ, ಗಿರಿ ಗಿರಿಯಾಗಿಯೇ ಉಳಿದಿದೆ. ಅಲ್ಲಿ ಬೆಂಗಾವಾನ್ ಸೋಲೋ ನದಿಗೆ ಗಜಾ ಮುಂಗ್ಕುರ್ ಎಂಬ ಜಲಾಶಯ ಕಟ್ಟುವ ಕೆಲಸ 1976ರಲ್ಲಿ ಆರಂಭವಾಯಿತು. ಗಜಾ ಎಂದರೆ ಆನೆ, ಮುಂಗ್ಕುರ್ ಎಂದರೆ ಬೆನ್ನು ತಿರುಗಿಸಿದ್ದು. ಅಲ್ಲಿನ ಬೆಟ್ಟಕ್ಕಿರುವ ಹೆಸರು ಜಲಾಶಯಕ್ಕೂ ಬಂತು. 51 ಹಳ್ಳಿಗಳ 67,000ದಷ್ಟು ಜನ ಎದ್ದು ಹೋಗಬೇಕಾಯಿತು. ಅವರಲ್ಲಿ ಬಹಳ ಮಂದಿಯನ್ನು ಸುಮಾತ್ರಾಕ್ಕೆ ಸಾಗಿಸಿದ ಕ್ರಮಕ್ಕೆ 'ಬೆದೋಲ್ ದೆಸಾ' ಎನ್ನುತ್ತಾರೆ. ಬೆದೋಲ್ ಎಂದರೆ ಮರಗೆಣಸಿನ ಗಿಡವನ್ನು ಬುಡ ಹಿಡಿದು ಎಳೆದಂತೆ ಕೀಳುವುದು, ದೆಸಾ ಎಂದರೆ ಹಳ್ಳಿ. ಒಬ್ಬೊಬ್ಬರಾಗಿ ಅಲ್ಲ, ಹಳ್ಳಿಯ ಮುಖ್ಯಸ್ಥನಿಂದ ಹಿಡಿದು ಸೂಲಗಿತ್ತಿಯವರೆಗೆ ಎಲ್ಲರೂ, ಗಮೆಲಾನ್ ವಾದ್ಯಮೇಳ ಬಾರಿಸುವವರೂ ಸೇರಿ, ಒಟ್ಟಾಗಿ. ನಮ್ಮ ಮುಳುಗಡೆಯವರು ಹತ್ತು ದಿಕ್ಕಿಗೆ ಹಂಚಿಹೋದದ್ದನ್ನು ಕೇಳಿ ಬೆಳೆದ ನನಗೆ ಇದು ಅಸೂಯೆ ಹುಟ್ಟಿಸುವ ಸಂಗತಿಯಾಗಿ ಕಂಡಿತು. ಅದನ್ನು ಹೇಳಿದಾಗ ಮನೆಯ ಮಾಲೀಕರು ನಕ್ಕು, ಒಟ್ಟಿಗೆ ಬಂದರೆ ಜಗಳವೂ ಒಟ್ಟಿಗೇ ಬರುತ್ತದೆ ಎಂದರು.

ಅವರನ್ನು ನಾನು 'ಪಾಕ್‌ದೆ' ಎಂದು ಕರೆಯುತ್ತೇನೆ. ಜಾವಾ ಭಾಷೆಯಲ್ಲಿ ಅದು 'ದೊಡ್ಡ ಅಪ್ಪ' ಎಂಬುದರ ಮೊಟಕು ರೂಪ. ಅಪ್ಪನ ತಮ್ಮನಿಗೆ 'ಪಾಕ್‌ಲಿಕ್', ಅಂದರೆ ಚಿಕ್ಕ ಅಪ್ಪ. ಅವರ ಹೆಂಡತಿ 'ಬುದೆ', ದೊಡ್ಡಮ್ಮ. ಇಂಡೋನೇಷ್ಯಾದ ಭಾಷೆ ಕಲಿಯಲು ಆರು ತಿಂಗಳು ಒದ್ದಾಡಿದ ನನಗೆ ಈ ಮೂರು ಪದಗಳು ಒಂದು ನಿಮಿಷದಲ್ಲಿ ಬಂದವು. ಅವರು ನನ್ನನ್ನು 'ಮಾಸ್' ಎನ್ನುತ್ತಾರೆ. ಅದು ಅಣ್ಣ ಎಂಬರ್ಥದ್ದು, ವಯಸ್ಸಿನಲ್ಲಿ ಚಿಕ್ಕವರಿಗೂ ಮರ್ಯಾದೆಗಾಗಿ ಹೇಳುವಂಥದ್ದು.

ಪಡಾಂಗ್ ನಗರದಿಂದ ಇಲ್ಲಿಗೆ ಸುಮಾರು 200 ಕಿಲೋಮೀಟರ್. ಇಲ್ಲಿನವರು 'ಟ್ರಾವೆಲ್' ಎಂದು ಕರೆಯುವ ಬಾಡಿಗೆ ಕಾರಿನಲ್ಲಿ ಏಳು ಜನರನ್ನು ತುಂಬಿ ಮನೆ ಬಾಗಿಲಿಗೇ ತಂದು ಬಿಡುತ್ತಾರೆ, ಐದಾರು ಗಂಟೆ ಹಿಡಿಯುತ್ತದೆ. ಪಡಾಂಗ್ ಬಿಟ್ಟ ಸ್ವಲ್ಪ ಹೊತ್ತಿಗೆ ಸಿತಿಂಜಾವ್ ಲಾವುಯ್ಕ್ ಎಂಬ ಘಟ್ಟದ ತಿರುವು ಬರುತ್ತದೆ. ಹೆಸರಿನ ಅರ್ಥ ಸಮುದ್ರ ಕಾಣುವ ಜಾಗ ಎಂದಾದರೂ ಎಲ್ಲರೂ ನೋಡುವುದು ಸಮುದ್ರವನ್ನಲ್ಲ, ತಿರುವಿನಲ್ಲಿ ಏದುಸಿರು ಬಿಡುವ ಲಾರಿಗಳನ್ನು. ಬೀಡುಬಿಟ್ಟ ಹುಡುಗರು ಕೈಸನ್ನೆ ಮಾಡುತ್ತಾ ಲಾರಿಗಳನ್ನು ಒಂದೊಂದಾಗಿ ಹತ್ತಿಸಿ, ಚಾಲಕರು ಎಸೆಯುವ ಚಿಲ್ಲರೆಯನ್ನು ಹೆಕ್ಕಿಕೊಳ್ಳುತ್ತಾರೆ. ಆಗುಂಬೆಯ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಬೆಳೆದವನಿಗೂ ಇಲ್ಲಿ ಹೊಟ್ಟೆ ತೊಳಸಿತು. ಘಟ್ಟ ಹತ್ತಿ ಸೋಲೋಕ್ ದಾಟಿ ಇಳಿಯುತ್ತಾ ಹೋದಂತೆ ಮಿನಾಂಗ್‌ಕಬಾವು ಜನರ ಕೊಂಬಿನ ಆಕಾರದ ಮಾಡುಗಳು ಕಡಿಮೆಯಾಗಿ, ಒಮ್ಮೆಲೇ ಜಾವಾದ ಹೆಸರಿನ ಫಲಕಗಳು ಶುರುವಾಗುತ್ತವೆ. ಕಾರಿನಲ್ಲಿದ್ದವರ ಮಾತೂ ಬದಲಾಗುತ್ತದೆ.

ಈ ನೆಲ ಮೊದಲಿನಿಂದಲೂ ಮಿನಾಂಗ್‌ಕಬಾವು ಕುಲಗಳದ್ದು. ಅವರಲ್ಲಿ ಮನೆ, ಗದ್ದೆ ತಾಯಿಯಿಂದ ಮಗಳಿಗೆ ಹೋಗುತ್ತವೆ. ದಕ್ಷಿಣ ಕನ್ನಡದ ಅಳಿಯಕಟ್ಟು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಲದ ಸಾಮೂಹಿಕ ನೆಲವನ್ನು ಹಿರಿಯರು ವಲಸಿಗರಿಗಾಗಿ ಬಿಟ್ಟುಕೊಟ್ಟರು. ಸರ್ಕಾರದ ವಲಸೆ ಯೋಜನೆಯ ರೂಢಿಯ ಲೆಕ್ಕದಲ್ಲಿ ಒಂದು ಕುಟುಂಬಕ್ಕೆ 2 ಹೆಕ್ಟೇರ್, ಅದರಲ್ಲಿ ಕಾಲು ಹೆಕ್ಟೇರ್ ಮನೆ ಮತ್ತು ಹಿತ್ತಲು. ಹಲಗೆಯ ಮನೆ, ಮೊದಲ ವರ್ಷದ ಅಕ್ಕಿ, ಉಪ್ಪುಮೀನು, ಸೀಮೆಎಣ್ಣೆ ಕೊಟ್ಟರು. ಕಾಡು ಕಡಿದದ್ದು ಬುಲ್‌ಡೋಜರಿನಿಂದ. ಅದು ಮರಗಳ ಜೊತೆಗೆ ಮೇಲ್ಮಣ್ಣನ್ನೂ ಹೆರೆದು ಬದಿಗೆ ತಳ್ಳಿತ್ತು. ಉಳಿದದ್ದು ಹುಳಿ ಹೆಚ್ಚಿರುವ, ಅಲ್ಯೂಮಿನಿಯಂ ತುಂಬಿದ ಕೆಂಪು-ಹಳದಿ ಮಣ್ಣು. ಸುಣ್ಣ ಹಾಕದೆ ಅದರಲ್ಲಿ ಕಡಲೆಕಾಯಿ ಬಿತ್ತಿದರೆ ಬೇರು ಮುಂದಕ್ಕೆ ಹೋಗುವುದಿಲ್ಲ. "ಮೊದಲ ಮೂರು ವರ್ಷ ನಾವು ಬೆಳೆದದ್ದು ಮರಗೆಣಸು, ಅದೂ ಹಂದಿಗಳಿಗೆ" ಎಂದು ಪಾಕ್‌ದೆ ಹೇಳುತ್ತಾರೆ. ಒಣಗಿಸಿದ ಮರಗೆಣಸಿನ ಹಿಟ್ಟನ್ನು ಆವಿಯಲ್ಲಿ ಬೇಯಿಸಿ ಮಾಡುವ 'ತಿವುಲ್' ವೊನೊಗಿರಿಯ ಬಡತನದ ಊಟ. ಈಗ ಅದನ್ನು ಬುದೆ ಹಬ್ಬದಂತೆ, ಕಾಯಿತುರಿ ಉದುರಿಸಿ, ಮಕ್ಕಳು ಬಂದಾಗ ಮಾತ್ರ ಮಾಡುತ್ತಾರೆ. ಮಕ್ಕಳು ಫೋಟೋ ತೆಗೆದು, ಎರಡು ಚಮಚ ತಿಂದು, ಅನ್ನಕ್ಕೆ ಕೈಹಾಕುತ್ತಾರೆ.

ಒಂದು ಭಾನುವಾರ ಬಟಾಂಗ್ ಹಾರಿ ನದಿಯ ಪಕ್ಕದ ಪಡಾಂಗ್ ರೊಚೊಗೆ ಪಾಕ್‌ದೆ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಇಟ್ಟಿಗೆಯ ದೇಗುಲಗಳ ತಳಪಾಯಗಳು ಮಾತ್ರ ಉಳಿದಿರುವ ಜಾಗ ಅದು. ಇಲ್ಲಿ ಸಿಕ್ಕ 1286ರ ಶಾಸನದ ಪ್ರಕಾರ, ಜಾವಾದ ಸಿಂಗಸಾರಿಯ ದೊರೆ ಕೃತನಗರ ಬೋಧಿಸತ್ವ ಅಮೋಘಪಾಶನ ಮೂರ್ತಿಯೊಂದನ್ನು ಪರಿವಾರ ಸಮೇತ 'ಸುವರ್ಣಭೂಮಿ'ಗೆ, ಅಂದರೆ ಸುಮಾತ್ರಾಕ್ಕೆ, ಕಳುಹಿಸಿ ಧರ್ಮಾಶ್ರಯದಲ್ಲಿ ನಿಲ್ಲಿಸಿದ. ಶಾಸನವೂ ಮೂರ್ತಿಯೂ ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ನಾನು ಫೋನಿನಲ್ಲಿ ಮೂರ್ತಿಯ ಚಿತ್ರ ತೋರಿಸುತ್ತಾ ಇದನ್ನೆಲ್ಲ ವಿವರಿಸಿದಾಗ ಪಾಕ್‌ದೆ ಬಹಳ ಹೊತ್ತು ನೋಡಿ, "ಇವನನ್ನು ವಾಪಸ್ ಜಾವಾಕ್ಕೆ ಕರೆದುಕೊಂಡು ಹೋದರಲ್ಲ, ಅದೃಷ್ಟವಂತ" ಎಂದರು.

ಪಾಲಿಗೆ ಕೊಟ್ಟ ಹಸು

ನೆಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗೆಳೆಯನ ಪ್ರಶ್ನೆ ಅದು. ಇಂಡೋನೇಷ್ಯಾದ 1960ರ ಭೂ ಕಾಯ್ದೆಯಂತೆ ಪೂರ್ಣ ಒಡೆತನದ ಹಕ್ಕು, ಅವರು 'ಹಕ್ ಮಿಲಿಕ್' ಎನ್ನುವುದು, ದೇಶದ ಪ್ರಜೆಗೆ ಮಾತ್ರ. ಪರ್ಯಾಯವಾಗಿ ಸ್ಥಳೀಯನ ಹೆಸರಿನಲ್ಲಿ ಕೊಂಡು, ಹಿಂದಿನಿಂದ ಒಂದು ಒಪ್ಪಂದ ಬರೆಸಿಕೊಳ್ಳುವ ದಾರಿಯನ್ನು ಅನೇಕ ವಿದೇಶಿಯರು ಹಿಡಿಯುತ್ತಾರೆ. ಆ ಕಾಯ್ದೆಯ ಪ್ರಕಾರ ಅಂಥ ವ್ಯವಹಾರ ಅಸಿಂಧು, ನೆಲ ಸರ್ಕಾರಕ್ಕೆ ಹೋಗುತ್ತದೆ, ಕೊಟ್ಟ ಹಣ ವಾಪಸ್ ಕೇಳುವಂತಿಲ್ಲ. ಇದನ್ನು ಹೇಳಿದಾಗ ಗೆಳೆಯ, "ಎಲ್ಲ ಕಡೆಯೂ ಕಾನೂನು ಹಾಗೇ ಇರುತ್ತದೆ, ನಮ್ಮಲ್ಲೂ 79ಎ, 79ಬಿ ಇರಲಿಲ್ಲವೇ?" ಎಂದ. ನಿಜ, ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳಬಾರದೆಂದಿದ್ದ ಆ ಕಲಮುಗಳನ್ನು ಕರ್ನಾಟಕದಲ್ಲಿ 2020ರಲ್ಲಿ ತೆಗೆದುಹಾಕಲಾಯಿತು, ಅದಕ್ಕೆ ಮೊದಲೂ ಕೊಳ್ಳುವವರು ಕೊಳ್ಳುತ್ತಲೇ ಇದ್ದರು. ಆದರೆ ನಾನು ಯೋಚಿಸುತ್ತಿದ್ದದ್ದು ಕಾನೂನಿನ ಬಿಗಿಯ ಬಗ್ಗೆಯಲ್ಲ. ಪಾಕ್‌ದೆಯವರ ಬೀರುವಿನಲ್ಲಿ, ಮದುವೆಯ ಸೀರೆಗಳ ಹಾಗೆ ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಹಸಿರು ರಟ್ಟಿನ ಪುಸ್ತಿಕೆಯಿದೆ, ಅವರ ನೆಲದ ಹಕ್ಕುಪತ್ರ. ಅದನ್ನು ಅವರು ನನಗೆ ತೋರಿಸಿದ್ದು ಒಂದೇ ಸಲ, ಕೈ ತೊಳೆದುಕೊಂಡು ಬಂದು. ನಮ್ಮ ಮನೆಯಲ್ಲಿ ಅಂಥ ಕಾಗದಕ್ಕಾಗಿ ಅಜ್ಜ ಅಲೆದರು, ಅಪ್ಪ ಅಲೆದರು. ಅರ್ಜಿಯ ನಕಲುಗಳೇ ಒಂದು ಟ್ರಂಕಿನಷ್ಟಿವೆ. ಆ ಪುಸ್ತಿಕೆಯನ್ನು ಯಾರದೋ ಹೆಸರಿನ ಮರೆಯಲ್ಲಿ ನಾನು ಕೊಂಡುಕೊಳ್ಳುವ ಮಾತು ನನ್ನ ಬಾಯಲ್ಲಿ ಬರಲಿಲ್ಲ.

ಹಾಗಾದರೆ ನೀನೇನೂ ಹಾಕಲಿಲ್ಲವೇ ಎಂದರೆ, ಹಾಕಿದ್ದೇನೆ. 2021ರಲ್ಲಿ ಒಂದು ಕಡಸು.

ಜಾವಾದವರಲ್ಲಿ 'ಗಾದುಹ್' ಎಂಬ ಪದ್ಧತಿಯಿದೆ. ಹಣವಿದ್ದವರು ದನ ಕೊಳ್ಳುವುದು, ಪುರುಸೊತ್ತೂ ಹುಲ್ಲೂ ಇದ್ದವರು ಸಾಕುವುದು. ಹೋರಿಯಾದರೆ ಮಾರಿದಾಗ ಬಂದ ಲಾಭದಲ್ಲಿ ಅರ್ಧರ್ಧ; ಹಸುವಾದರೆ ಮೊದಲ ಕರು ಸಾಕಿದವರಿಗೆ, ಎರಡನೆಯದು ಹಣ ಹಾಕಿದವರಿಗೆ, ಹೀಗೆ ಸರದಿಯಲ್ಲಿ. ನಮ್ಮಲ್ಲಿ ಪಾಲಿಗೆ ಸಾಕಲು ಕೊಡುವುದು ಎಂದರೆ ಇದೇ. ಯಾವ ಕಾಗದವೂ ಇಲ್ಲ. ನನ್ನ ಪಾಲಿಗೆ ಬಂದದ್ದು ಕೆಂಪು ಮೈಯ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ತೊಟ್ಟಂತಿರುವ ಬಾಲಿ ತಳಿಯ ಕಡಸು. ಅದನ್ನು ನೋಡಿದರೆ ಹಸುವಿಗಿಂತ ಜಿಂಕೆಯ ನೆನಪಾಗುತ್ತದೆ, ಹೆದರುಪುಕ್ಕಲುತನವೂ ಹಾಗೆಯೇ. ಪಾಕ್‌ದೆ ಶಾಲೆಯ ನೋಟುಪುಸ್ತಕವೊಂದರಲ್ಲಿ ನನ್ನ ಹೆಸರಿನ ಬದಲು 'ಮಾಸ್ ಇಂಡಿಯಾ' ಎಂದು ಬರೆದು ಅಡಿಗೆರೆ ಎಳೆದರು. ಉಪ್ಪು, ಜಂತಿನ ಔಷಧಿ, ಕೃತಕ ಗರ್ಭಧಾರಣೆ ಮಾಡುವವನ ಫೀಸು ಎಲ್ಲವೂ ಅದರಲ್ಲಿ ತಾರೀಖಿನ ಸಮೇತ ಬರುತ್ತವೆ. ಅವರು ದಿನಕ್ಕೆ ಎರಡು ಹೊರೆ ಹುಲ್ಲು ತರುವುದು ಮಾತ್ರ ಎಲ್ಲಿಯೂ ಬರುವುದಿಲ್ಲ. ಅದನ್ನು ಬರೆಯಬಾರದೇ ಎಂದು ಕೇಳಿದ್ದಕ್ಕೆ ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

2022ರ ಏಪ್ರಿಲ್ ಕೊನೆಯ ದಿನಗಳನ್ನು ಈ ಊರು ಸುಲಭಕ್ಕೆ ಮರೆಯುವುದಿಲ್ಲ. ದೇಶದಲ್ಲಿ ಅಡುಗೆ ಎಣ್ಣೆ ದುಬಾರಿಯಾಯಿತೆಂದು ಸರ್ಕಾರ ಏಪ್ರಿಲ್ 28ರಿಂದ ತಾಳೆಎಣ್ಣೆಯ ರಫ್ತನ್ನು ನಿಲ್ಲಿಸಿತು. ಗಿರಣಿಗಳ ತೊಟ್ಟಿಗಳು ತುಂಬಿದವು, ತುಂಬಿದ ಮೇಲೆ ಗೊನೆ ಕೊಳ್ಳುವಂತಿಲ್ಲ. ತಾಳೆಗೊನೆಯನ್ನು ಕೊಯ್ದ 24 ಗಂಟೆಯೊಳಗೆ ಗಿರಣಿಗೆ ಹಾಕದಿದ್ದರೆ ಹುಳಿಯ ಅಂಶ ಏರಿ ಎಣ್ಣೆ ಕೆಡುತ್ತದೆ. ಕೊಯ್ಯದೆ ಬಿಟ್ಟರೆ ಹಣ್ಣು ಉದುರಿ ಮರಕ್ಕೂ ತೊಂದರೆ. ಎರಡು ವಾರಕ್ಕೊಮ್ಮೆ ಕೊಯ್ಯಲೇಬೇಕಾದ ಬೆಳೆಗೆ ತಾಳ್ಮೆ ಇಲ್ಲ. ಮೇ 23ಕ್ಕೆ ನಿಷೇಧ ತೆಗೆದರೂ, ಕಿಲೋಗೆ 3,000 ರುಪಿಯಾ ದಾಟಿದ್ದ ಗೊನೆಯ ಬೆಲೆ ನಮ್ಮ ಸುತ್ತಮುತ್ತ ಜುಲೈ ಹೊತ್ತಿಗೆ ಸಾವಿರದ ಆಸುಪಾಸಿಗೆ ಕುಸಿದಿತ್ತು. ಅದೇ ವಾರಗಳಲ್ಲಿ ಸಾಗರದಿಂದ ಅಮ್ಮ ಫೋನ್ ಮಾಡಿ ಎಣ್ಣೆಯ ಬೆಲೆ ಹೇಳಿ ಬೈಯುತ್ತಿದ್ದಳು. ರೇಷನ್ ಅಂಗಡಿಯ ಪಾಮೋಲಿನ್ ತಂದು ಹಪ್ಪಳ ಕರಿದ ಮನೆ ನಮ್ಮದು. ಅದೇ ಎಣ್ಣೆಯ ಗಿರಣಿಯಲ್ಲಿ ದುಡಿಯುವ ಮಗ ತುಂಬಿ ತುಳುಕುವ ತೊಟ್ಟಿಯ ಪಕ್ಕ ನಿಂತು, "ಏನು ಮಾಡುವುದಮ್ಮಾ, ಇಲ್ಲಿ ಜಾಸ್ತಿಯಾಗಿದೆ" ಎಂದರೆ ಅವಳು ನಂಬುವುದು ಹೇಗೆ?

ಸಾಲದ್ದಕ್ಕೆ ಅದೇ ಸಮಯಕ್ಕೆ ಪೂರ್ವ ಜಾವಾದಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡು, ದಶಕಗಳಿಂದ ಆ ರೋಗವೇ ಇರದಿದ್ದ ದೇಶದಲ್ಲಿ ತಿಂಗಳೊಪ್ಪತ್ತಿನಲ್ಲಿ ಸುಮಾತ್ರಾದವರೆಗೆ ಹರಡಿತು. ದನದ ಸಂತೆಗಳು ಮುಚ್ಚಿದವು. ನಾನು ನಮ್ಮ ಕಡೆಯ ಕೊಟ್ಟಿಗೆಗಳಲ್ಲಿ ಅದನ್ನು ನೋಡಿದ್ದೆ. ಇಲ್ಲಿನವರಲ್ಲಿ ನಡುವಯಸ್ಸಿನವರಿಗೂ ಅದು ಹೊಸದು. ಕಡಸು ಆಗ ಗಬ್ಬವಾಗಿತ್ತು. ಒಂದು ಬೆಳಿಗ್ಗೆ ಅದರ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು, ಗೊರಸಿನ ಸಂದಿಯಲ್ಲಿ ಕೆಂಪು. ಪಾಕ್‌ದೆ ತೋಟಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಗೊನೆಗೆ ಹೇಗೂ ಬೆಲೆಯಿಲ್ಲ ಎಂದರು. ಅಮ್ಮನನ್ನು ಕೇಳಿ ನಾನು ಹೇಳಿದ ಅರಿಶಿನ-ಬೇವಿನ ಆರೈಕೆಯನ್ನೂ, ಪಶುವೈದ್ಯರು ಕೊಟ್ಟ ಚುಚ್ಚುಮದ್ದನ್ನೂ ಮಾಡಿದರು. ಬುದೆ ಅಕ್ಕಿಗಂಜಿಗೆ ಬೆಲ್ಲ ಕರಗಿಸಿ ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದರು. ಹನ್ನೊಂದು ದಿನ ಹೀಗೆ. ನಾನು ಸಂಜೆ ಗಿರಣಿಯಿಂದ ಬಂದು ಕೊಟ್ಟಿಗೆಯಲ್ಲಿ ಸೊಳ್ಳೆಬತ್ತಿ ಹಚ್ಚಿ ಕೂರುತ್ತಿದ್ದೆ, ಮಾಡಲು ಬೇರೇನೂ ಇರಲಿಲ್ಲ. ಹನ್ನೆರಡನೆಯ ದಿನ ಅದು ಹುಲ್ಲಿನ ಒಂದು ಎಸಳನ್ನು ನಾಲಿಗೆಯಿಂದ ಎಳೆದುಕೊಂಡಿತು. ಮೂರು ತಿಂಗಳ ನಂತರ ಹುಟ್ಟಿದ ಕರು ನಿಯಮದಂತೆ ಪಾಕ್‌ದೆಯವರದ್ದು. ಅದನ್ನು ಅವರು ವರ್ಷ ತುಂಬಿದ ಮೇಲೆ ಮಾರಿ ಜಾವಾಕ್ಕೆ ಬಸ್ಸಿನ ಟಿಕೆಟ್ಟು ಮಾಡಿಸಿದರು, ಎರಡು ಟಿಕೆಟ್ಟು.

ಬತ್ತಿದ ನೀರಿನ ಅಂಗಳ

ಎರಡನೆಯ ಟಿಕೆಟ್ಟು ನನಗೆ. 2023ರ ಮಳೆಗಾಲ ನಮ್ಮ ಕಡೆ ಕೈಕೊಟ್ಟ ಹಾಗೆಯೇ ಜಾವಾದ ಬೇಸಿಗೆಯೂ ಕಠಿಣವಾಗಿತ್ತು. ಗಜಾ ಮುಂಗ್ಕುರ್ ಬತ್ತುತ್ತಿದೆ, ಹಳೆಯ ಗೋರಿಗಳು ಎದ್ದಿವೆ ಎಂದು ಯಾರೋ ಕಳಿಸಿದ ವಿಡಿಯೋ ನೋಡಿದ ಮೇಲೆ ಪಾಕ್‌ದೆ ತಡೆಯಲಿಲ್ಲ. ಸುಮಾತ್ರಾದ ಉದ್ದಕ್ಕೂ ಇಳಿದು, ಬಕಾವುಹೆನಿಯಲ್ಲಿ ಬಸ್ಸು ಸಮೇತ ಹಡಗು ಹತ್ತಿ, ಸುಂದಾ ಜಲಸಂಧಿ ದಾಟಿ, ಜಾವಾದಲ್ಲಿ ಮತ್ತೆ ಬಹಳ ದೂರ. ಎರಡು ರಾತ್ರಿಗಳ ಪ್ರಯಾಣ. ಬಸ್ಸಿನಲ್ಲಿದ್ದ ಅರ್ಧ ಜನ ವೊನೊಗಿರಿಯವರೇ. ತುಮರಿಯಿಂದ ಹೊಳೆಬಾಗಿಲಿನವರೆಗೆ ಬಸ್ಸನ್ನು ಲಾಂಚಿಗೆ ಹತ್ತಿಸಿ ದಾಟುತ್ತಿದ್ದ ನಮ್ಮೂರ ದಿನಗಳು ನನಗೆ ನೆನಪಾದವು. ಪಾಕ್‌ದೆ ಹಡಗಿನ ಕಟ್ಟೆ ಹಿಡಿದು ನಿಂತವರು ತೀರ ಮುಟ್ಟುವವರೆಗೆ ಮಾತಾಡಲಿಲ್ಲ. 1976ರಲ್ಲಿ ಅವರಿಗೆ ಹದಿನಾಲ್ಕು ವರ್ಷ.

ನಾನು ಅಳುವನ್ನು ನಿರೀಕ್ಷಿಸಿದ್ದೆ ಎಂದು ಒಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ಶರಾವತಿಯ ನೀರು ಇಳಿದಾಗ, 1948ರಲ್ಲಿ ಕಟ್ಟಿ 1964ರಲ್ಲಿ ಮುಳುಗಿದ ಮಡೇನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಬರುತ್ತದೆ. ಅದನ್ನು ನೋಡಲು ಅಜ್ಜನನ್ನು ಕರೆದೊಯ್ದ ದಿನ ಅವರು ಹೆಗಲ ಮೇಲಿನ ಟವೆಲ್ಲನ್ನು ಮುಖದಿಂದ ತೆಗೆಯಲೇ ಇಲ್ಲ. ಇಲ್ಲಿ ಬಿರುಕುಬಿಟ್ಟ ನೆಲದ ಮೇಲೆ ಪಾಕ್‌ದೆ ಬಿರಬಿರನೆ ನಡೆದರು. ಗೋರಿಗಳ ಸಾಲಿನ ಹತ್ತಿರ ನಿಂತು ಎರಡೂ ಕೈ ತೆರೆದು ಪ್ರಾರ್ಥಿಸಿದರು. ಅಲ್ಲಿಂದ ಹೆಜ್ಜೆ ಎಣಿಸುತ್ತಾ ಹೋಗಿ, ಕೆಸರಿನಲ್ಲಿ ಅರ್ಧ ಹೂತ ಬಾವಿಯ ಕಟ್ಟೆಯೊಂದನ್ನು ಚಪ್ಪಲಿಯಿಂದ ತಟ್ಟಿ, "ಇದು ನಮ್ಮದಲ್ಲ, ಪಕ್ಕದ ಮನೆಯವರದು" ಎಂದರು. ನೀರು ಇಳಿದ ನೆಲದಲ್ಲಿ ದಂಡೆಯ ಊರಿನವರು ಅಷ್ಟಿಷ್ಟು ಬೆಳೆ ತೆಗೆಯುತ್ತಾರೆ. ಪಾಕ್‌ದೆಯವರ ಮನೆಯಿದ್ದ ಜಾಗದಲ್ಲಿ ಒಬ್ಬ ಯುವಕ ಜೋಳ ಹಾಕಿದ್ದ. ಇವರು ಅವನ ಬಳಿ ಹೋಗಿ, ಸಾಲಿನಿಂದ ಸಾಲಿಗೆ ಅಂತರ ಕಡಿಮೆಯಾಯಿತು, ಇಷ್ಟು ಒತ್ತಾಗಿ ಹಾಕಿದರೆ ತೆನೆ ಬಲಿಯುವುದಿಲ್ಲ ಎಂದು ಗದರಿದರು. ಅವನು ಇದು ಯಾರ ಜಾಗವೆಂದು ತಿಳಿಯದೆ, "ನೀರು ಯಾವಾಗ ಬರುತ್ತದೋ ಗೊತ್ತಿಲ್ಲ ಪಾಕ್‌ದೆ, ಸಿಕ್ಕಷ್ಟು ಸಿಗಲಿ" ಎಂದ. ಆಮೇಲೆ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತು ಗೊಬ್ಬರದ ಬೆಲೆ ಮಾತಾಡಿದರು, ಅರ್ಧ ಗಂಟೆ. ತನ್ನ ಮನೆ ಇಲ್ಲಿಯೇ ಇತ್ತು ಎಂದು ಪಾಕ್‌ದೆ ಅವನಿಗೆ ಹೇಳಲೇ ಇಲ್ಲ. ಏಕೆಂದು ಸಂಜೆ ಕೇಳಿದ್ದಕ್ಕೆ, "ಹೇಳಿದ್ದರೆ ಅವನಿಗೆ ನಾಳೆಯಿಂದ ಕಳೆ ಕೀಳಲು ಮನಸ್ಸು ಬರುತ್ತಿತ್ತೇ?" ಎಂದರು.

ಈ ಮಾತನ್ನು ನಾನು ಸುಮಾತ್ರಾಕ್ಕೆ ಮರಳುವ ಎರಡೂ ರಾತ್ರಿ ಯೋಚಿಸಿದೆ. ನೆಲದ ಮೇಲೆ ಹಕ್ಕು ಹೇಳುವುದಕ್ಕೂ ಅದನ್ನು ಹೂಡುವುದಕ್ಕೂ ನಡುವೆ ಇರುವ ದೂರವನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಏಕೆಂದರೆ ಅವರು ಹೂಡಿದ ನೆಲವೂ ಮೊದಲು ಇನ್ನೊಬ್ಬರದ್ದಾಗಿತ್ತು. ಸಿತಿಯುಂಗಿನ ಆಸುಪಾಸಿನ ಮಿನಾಂಗ್‌ಕಬಾವು ಹಳ್ಳಿಗಳಲ್ಲಿ, ಅಂದು ಬಿಟ್ಟುಕೊಟ್ಟ ಕುಲದ ನೆಲದ ಬಗ್ಗೆ ಈಗಲೂ ಹಿರಿಯರ ಮಾತಿನಲ್ಲಿ ಒಂದು ಎಳೆ ನೋವು ಇಣುಕುತ್ತದೆ. ಜಾವಾದವರು ದುಡಿದರು, ತಾಳೆ ನೆಟ್ಟರು, ಹಜ್‌ಗೆ ಹೋಗಿಬಂದರು, ಅವರ ಮಕ್ಕಳು ಪಡಾಂಗಿನಲ್ಲಿ ಓದುತ್ತಾರೆ. ಅದರಲ್ಲಿ ಯಾರ ತಪ್ಪೂ ಇಲ್ಲ, ಲೆಕ್ಕವೂ ಚುಕ್ತಾ ಆಗಿಲ್ಲ. ಇಂಥ ಕಡೆ ಮೂರನೆಯವನಾಗಿ ನಾನು, ನಾಲ್ಕನೆಯವನಾಗಿ ಬೆಂಗಳೂರಿನ ಗೆಳೆಯ ಬಂದು ಬೇಲಿ ಹಾಕಿದರೆ ಆ ನೋಟುಪುಸ್ತಕದ ಯಾವ ಅಂಕಣದಲ್ಲಿ ಅದನ್ನು ಬರೆಯುವುದೆಂದು ನನಗೆ ಹೊಳೆಯುತ್ತಿಲ್ಲ. ಹಣಕಾಸಿನ ಕಣ್ಣಿನಿಂದ ನೋಡಿದರೂ ತಾಳೆ ಮೂರು ನಾಲ್ಕು ವರ್ಷಕ್ಕೆ ಫಸಲಿಗೆ ಬರುತ್ತದೆ, ಇಪ್ಪತ್ತೈದು ವರ್ಷಕ್ಕೆ ಮುದಿಯಾಗುತ್ತದೆ, ಆಗ ಕಡಿದು ಮತ್ತೆ ನೆಟ್ಟು ಮತ್ತೆ ಕಾಯಬೇಕು. ನನ್ನ ವೀಸಾವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಕಳೆದ ಬಾರಿ ಗೆಳೆಯ ಫೋನ್ ಮಾಡಿದಾಗ ಈ ಎಲ್ಲವನ್ನೂ ಹೇಳಲು ಹೋಗಿ, ಅರ್ಧದಲ್ಲಿ ಬಿಟ್ಟು, ಹಿಂದಿನ ವಾರವಷ್ಟೇ ಹುಟ್ಟಿದ್ದ ಎರಡನೆಯ ಕರುವಿನ ಫೋಟೋ ಕಳಿಸಿದೆ. ಸರದಿಯಂತೆ ಅದು ನನ್ನದು. ಎಷ್ಟು ಬಂಡವಾಳ, ಎಷ್ಟು ಸಿಗುತ್ತದೆ ಎಂದು ಕೇಳಿದ, ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಲಿಗೇಕೆ ಸುಣ್ಣ ಬಳಿದಿದ್ದಾರೆ ಎಂದು ಕೇಳಿದ. ಸುಣ್ಣವಲ್ಲ, ಅದರ ಬಣ್ಣವೇ ಹಾಗೆ ಎಂದೆ. ಈಗ ಎಕರೆಯ ಮಾತು ನಿಂತಿದೆ. ಹದಿನೈದು ದಿನಕ್ಕೊಮ್ಮೆ ಕರು ಹೇಗಿದೆ ಎಂದು ಮೆಸೇಜು ಬರುತ್ತದೆ. ನಾನು ಪಾಕ್‌ದೆಯವರಿಗೆ ಫೋನ್ ಹಚ್ಚುತ್ತೇನೆ. ಬುದೆ ಎತ್ತುತ್ತಾರೆ, ಅವರು ಹುಲ್ಲಿಗೆ ಹೋಗಿದ್ದಾರೆ ಎನ್ನುತ್ತಾರೆ.